ಅಣ್ಣನ ಒಡಪಿನ ಪ್ರಾಸ

ರೋಣದಲ್ಲಿ ನಾನು ನಕಲು ಮಾಡದೆ ಬಿಟ್ಟವರು ಇಬ್ಬರೇ. ಗುಡಿಯ ಮುಂದಿನ ಕಲ್ಲಿನ ಬಸವ ಬಾಯಿ ಬಿಡುತ್ತಿರಲಿಲ್ಲ, ಆದ್ದರಿಂದ ಬಿಟ್ಟೆ. ನಮ್ಮಣ್ಣ ಬಾಯಿ ಬಿಡುತ್ತಿದ್ದ, ಮಾತು ಹೊರಗೆ ಬರುತ್ತಿರಲಿಲ್ಲ. ಅವನನ್ನು ಯಾಕೆ ಬಿಟ್ಟೆನೆಂದರೆ, ಅವನು ನನಗಿಂತ ಎತ್ತರವಾಗಿದ್ದ.

ಉಳಿದವರೆಲ್ಲ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ದವಾಖಾನೆಯ ಡಾಕ್ಟರು "ನಾಲಿಗಿ ತೋರ್ಸು" ಎನ್ನುವಾಗ ತಮ್ಮ ನಾಲಿಗೆಯನ್ನೂ ಅರ್ಧ ಹೊರಗೆ ಹಾಕುತ್ತಿದ್ದರು. ಸರ್ವಿಸ್ ಮೋಟಾರಿನ ಕಂಡಕ್ಟರ್ ಗಜೇಂದ್ರಗಡ ಎಂಬ ಉದ್ದ ಹೆಸರನ್ನು ಮುಕ್ಕಾಲು ನುಂಗಿ "ಗಡಗಡಗಡ" ಎಂದಷ್ಟೇ ಕೂಗುತ್ತಿದ್ದ. ನಮ್ಮಪ್ಪ ನಮ್ಮ ಸೀರೆ ಅಂಗಡಿಯಲ್ಲಿ ಬೆಲೆ ಹೇಳುವ ಮೊದಲು ಕೆಮ್ಮಿ, ಗಿರಾಕಿಯ ಮುಖ ನೋಡಿ, ಮುಖಕ್ಕೆ ತಕ್ಕ ಬೆಲೆ ಹೇಳುತ್ತಿದ್ದ. ಇವೆಲ್ಲ ನನಗೆ ಬಾಯಿಪಾಠ. ಬಜಾರಿನ ಜನ ಕೇಳಿದರೆ ನನ್ನ ನಕಲನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಅದು ಸುಲಭ, ಮೂಗು ಮುಂದೆ ಹೋಗಬೇಕು, ಮನುಷ್ಯ ಹಿಂದಿನಿಂದ ಬರಬೇಕು. "ನಿನ್ನ ಮೂಗ ಅಂಗಡಿಗೆ ಬಂದು ಭಾಳ ಹೊತ್ತಾತು, ನೀ ಈಗ ಬರಾಕತ್ತೀಯೇನು?" ಎಂದು ಅಪ್ಪ ಬಯ್ಯುತ್ತಿದ್ದದ್ದು ಸುಳ್ಳಲ್ಲ.

ಇದೆಲ್ಲ ನಡೆದಾಗ ನಾವಿನ್ನೂ ಮುಂಬಯಿ ಸರಕಾರದ ಮಂದಿ. ಈಗ ಮೈಸೂರಿನವರಾಗಿದ್ದೇವೆ. ರಾಜ್ಯ ಬದಲಾಯಿತು, ಮೂಗು ಹಾಗೆಯೇ ಉಳಿದಿದೆ.

ಅಣ್ಣನ ಮಾತು ತಡೆಯುತ್ತಿತ್ತು. ಅಂಗಡಿಯಲ್ಲಿ ಅವನು ಕೈಯಿಂದಲೇ ವ್ಯಾಪಾರ ಮಾಡುತ್ತಿದ್ದ. ಸೀರೆಯನ್ನು ಗಾಳಿಗೆ ಬಿಡಿಸಿ, ಸೆರಗನ್ನು ಗಿರಾಕಿಯ ಮೊಣಕಾಲ ಮೇಲೆ ಬೀಳುವಂತೆ ಹಾಸಿ, ಬೆರಳು ತೋರಿಸಿ ಬೆಲೆ ಹೇಳುವನು. ಬಾಯಿಯಲ್ಲಿ ನಾನು ಹತ್ತು ಸೀರೆ ಹೊಗಳುವುದರೊಳಗೆ ಅವನು ಕೈಯಲ್ಲಿ ಒಂದನ್ನು ಮಾರಿರುತ್ತಿದ್ದ.

ಅವನಿಗೆ ನರಗುಂದದಲ್ಲಿ ಹೆಣ್ಣು ನೋಡಿದರು. ಹುಡುಗಿಯ ಅಪ್ಪ ಕಾಳುಕಡಿಯ ವ್ಯಾಪಾರಿ. ಮನೆಯ ತುಂಬ ಜೋಳದ ಚೀಲ, ಚೀಲಗಳ ನಡುವೆ ಹಾಸಿದ ಜಮಖಾನೆಯ ಮೇಲೆ ನಾವು. ಹುಡುಗಿ ಅವಲಕ್ಕಿಯ ತಾಟು ಹಿಡಿದು ಅಣ್ಣನ ಮುಂದೆ ಬಂದು ನಿಂತಳು. ಅಣ್ಣ ಏನನ್ನೋ ಕೇಳಲು ಬಾಯಿ ತೆರೆದ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ.

ನಮ್ಮ ಮನೆಯವರದೊಂದು ದೊಡ್ಡ ಗುಣವೆಂದರೆ ಅಣ್ಣನ ಮಾತನ್ನು ಪೂರ್ತಿ ಮಾಡಿಕೊಡುವುದು. "ನೀರ ಬೇಕಂತ" ಎಂದಳು ಅವ್ವ. "ಅಲ್ಲ, ಅವಲಕ್ಕಿ ಭಾಳ ಆತಂತ" ಎಂದ ಅಪ್ಪ. ನಾನು ಬಾಯಿ ಹಾಕುವ ಮೊದಲೇ ಆಯಿ ನನ್ನ ತೊಡೆ ಚಿವುಟಿದಳು. ಆಯಿ ಎಂದರೆ ಅಪ್ಪನ ತಾಯಿ, ಮನೆಯಲ್ಲಿ ಅವಳು ಹೇಳಿದ್ದೇ ಕಾಯಿದೆ. ಆದರೆ ಹುಡುಗಿ ಮಾತ್ರ ಅತ್ತ ಇತ್ತ ನೋಡಲಿಲ್ಲ. ತಾಟು ಹಿಡಿದುಕೊಂಡು, ಅಣ್ಣನ ಬಾಯಿಯಿಂದ ಬರಬೇಕಾದದ್ದು ಅಣ್ಣನ ಬಾಯಿಯಿಂದಲೇ ಬರಲಿ ಎನ್ನುವಂತೆ ನಿಂತಿದ್ದಳು. ಕೊನೆಗೆ ಬಂತು.

"ಸಾಲಿ ಎಲ್ಲಿ ತನಕ ಕಲತೀರಿ?"

"ಮುಲ್ಕಿ ಪಾಸ್ ಆಗೇತ್ರಿ."

ನಾನು ಏಳನೆಯ ಇಯತ್ತೆಯ ಆ ಮುಲ್ಕಿ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ದಾಟಿದವನು, ಅವಲಕ್ಕಿಯ ಕಡೆ ಗಮನ ಕೊಟ್ಟೆ.

ತಿರುಗಿ ಬರುವಾಗ ಮೋಟಾರಿನಲ್ಲಿ ಅಣ್ಣ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ನರಗುಂದದ ದೊರೆಯ ಕೋಟೆಯಿದ್ದ ಗುಡ್ಡ ಕಣ್ಣಿಗೆ ಮರೆಯಾದ ಮೇಲೆ ಒಂದೇ ಮಾತು ಅಂದ. "ಆಕಿ ಕಾಯ್ದಳು ನೋಡು."

ಇಷ್ಟು ಸಾಕಾಗಿತ್ತು. ಲಗ್ನ ಗಟ್ಟಿಯಾಯಿತು. ಆದರೆ ಹಿಂದೆಯೇ ಇನ್ನೊಂದು ಬಂತು, ಒಡಪು.

ನಮ್ಮ ಕಡೆ ಮದುವೆಯಲ್ಲಿ ಭೂಮದ ಊಟ ಎಂದು ಇರುತ್ತದೆ. ಮದುಮಕ್ಕಳು ಎರಡೂ ಮನೆಯವರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು. ಅಲ್ಲಿ ಒಬ್ಬರಿಗೊಬ್ಬರು ಲಾಡು ತಿನ್ನಿಸಬೇಕು, ತಿನ್ನಿಸುವ ಮೊದಲು ಹೆಸರು ಹೇಳಬೇಕು. ಬರೀ ಹೆಸರು ಹೇಳಿದರೆ ಒಪ್ಪುವುದಿಲ್ಲ. ಪ್ರಾಸ ಹಚ್ಚಿದ ಸಾಲು ಕಟ್ಟಿ, ಕೊನೆಯಲ್ಲಿ ಹೆಸರು ಬಂದು ಕೂರುವಂತೆ ಹೇಳಬೇಕು. ಅದೇ ಒಡಪು. ಹೇಳದ ಮದುಮಗನಿಗೆ ಲಾಡೂ ಇಲ್ಲ, ಏಳಲು ಬಿಡುವುದೂ ಇಲ್ಲ. ನರಗುಂದದ ಹುಡುಗಿಯರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು ಎಂದು ರೋಣದ ತನಕ ಸುದ್ದಿ.

ಇದು ನೆನಪಾದ ದಿನ ಅಣ್ಣ ಊಟ ಅರ್ಧಕ್ಕೆ ಬಿಟ್ಟು ಹಿತ್ತಲಿಗೆ ಹೋಗಿ ಕೂತ. ನಾನು ಹಿಂದೆ ಹೋದೆ.

"ಲ... ಲಗ್ನ ಬ್ಯಾಡ" ಎಂದ.

"ಯಾಕೋ ಅಣ್ಣಾ? ಹುಡುಗಿ ಚಲೋ ಅದಾಳ ಅಂದಿದ್ದಿ."

"ಚಲೋ ಅದಾಳ ಅಂತನ ಬ್ಯಾಡ. ಅಷ್ಟ ಮಂದಿ ಮುಂದ ನಾ ಬಾಯಿ ತಗದು ಕುಂತರ, ಆಕಿಗೆ ಹ್ಯಾಂಗ ಆಗಬಾರದು?"

ನನ್ನ ತಲೆ ಓಡುವುದೇ ಇಂಥಲ್ಲಿ. "ಅಣ್ಣಾ, ನಾ ನಿನ್ನ ಬೆನ್ನ ಹಿಂದ ಕೂಡ್ತೀನಿ. ನೀ ಸುಮ್ಮನ ಬಾಯಿ ಅಲ್ಲಾಡ್ಸು. ನಿನ್ನ ದನಿಲೆ ನಾ ಹೇಳ್ತೀನಿ."

ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನನ್ನ ದನಿ ನಿನಗ ಬರತೈತೇನು?"

"ಬರತೈತಿ."

"ಮಾಡಿದ್ದ ಕೇಳಿಲ್ಲ."

"ಮಾಡಿಲ್ಲ. ಆದರ ಬರತೈತಿ."

"ಮಾಡು."

ನಾನು ಗಂಟಲು ಸರಿಮಾಡಿಕೊಂಡೆ. ಅಣ್ಣನ ದನಿ ಎದೆಯ ಕೆಳಗಿನಿಂದ, ನೆಲದೊಳಗೆ ಕಾಳು ತುಂಬಿಡುವ ಹಗೇವಿನಿಂದ ಬಂದಂತೆ ಬರುತ್ತದೆ. ನಾನು ಅದನ್ನು ಹುಡುಕಿ ತೆಗೆದು, ಅಂಗಡಿಯಲ್ಲಿ ಅವನು ಎಂದೂ ಹೇಳಲಾಗದ ಮಾತನ್ನೇ ಹೇಳಿದೆ. "ಈ ಸೀರಿ ಉಟ್ಟು ಅಡಗಿ ಮನ್ಯಾಗ ನಿಂತರ ದೀಪಾ ಹಚ್ಚೂದ ಬ್ಯಾಡ್ರಿ ಅಕ್ಕಾರ, ಎಣ್ಣಿ ಖರ್ಚ ಉಳೀತೈತಿ." ಎಲ್ಲಿಯೂ ತಡೆಯದೆ, ಉದ್ದಕ್ಕೆ ಒಂದೇ ಎಳೆ.

ಅಣ್ಣ ಕೂತಲ್ಲಿಂದಲೇ ನನ್ನ ಕಡೆ ಪೂರ್ತಿ ತಿರುಗಿದ. ಏಟು ಬೀಳುತ್ತದೇನೋ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನನ್ನ ದನಿ ಹಿಂಗೈತೇನು?"

"ಹಿಂಗ ಐತಿ."

"ಚಲೋ ಐತಲ್ಲೋ."

"ಹೌದು ಮತ್ತ. ನಂದರೆ ತಗಡ ಬಡದಂಗ ಐತಿ."

ಅವನು ಎದ್ದು ಧೋತರ ಜಾಡಿಸಿದ. "ಹಂಗಾರ ಬೆನ್ನ ಹಿಂದ ಕೂಡೂದ ಬ್ಯಾಡ. ನಾನ ಹೇಳ್ತೀನಿ. ನೀ ಕಲಸು."

ಬೇರೆಯವರ ಹಾಗೆ ಮಾತಾಡಲು ನನಗೆ ಬರುತ್ತಿತ್ತು. ಕಲಿಸಲು ಏನೂ ಬರುತ್ತಿರಲಿಲ್ಲ. ಆದರೂ ತಲೆ ಅಲ್ಲಾಡಿಸಿದೆ.

ನನ್ನ ಮೊದಲ ಒಡಪು ಹೀಗಿತ್ತು. ಅತ್ತಿಗೆಯಾಗಲಿರುವವಳ ಹೆಸರು "ಲಾ" ಎಂದು ಮುಗಿಯುತ್ತಿತ್ತು. ಹೆಸರನ್ನು ಪೂರ್ತಿ ಬರೆಯುವುದಿಲ್ಲ. ಬರೆದರೆ ಅಣ್ಣ ಮಾತಿಲ್ಲದೆಯೇ ಕಿವಿ ಹಿಂಡುತ್ತಾನೆ, ಕೈಮಾತಿನಲ್ಲಿ ಅವನು ಮೊದಲಿನಿಂದಲೂ ಗಟ್ಟಿ. ಹೆಸರಿದ್ದಲ್ಲಿ ಗೀಟು ಎಳೆದಿದ್ದೇನೆ.

ನರಗುಂದದ ಬಜಾರಿನ್ಯಾಗ ಮಾರ್ತಾರ ಬೆಲ್ಲಾ,
ಮದುಮಗ ತಿಂದ ಲಾಡಿಗೆ ಲೆಕ್ಕಾನ ಇಲ್ಲಾ,
ನನ್ನ ಹೇಂತಿ ಹೆಸರು ———ಲಾ.

"ಇದು ಒಡಪೋ, ಅಂಗಡಿ ಮುಂದ ತೂಗಹಾಕೂ ಪಾಟಿಯೋ?" ಎಂದ ಅಣ್ಣ. ಆದರೂ ಹೇಳಲು ನೋಡಿದ. "ನರಗುಂದದ" ಎನ್ನುವಲ್ಲಿಯೇ ನಿಂತ. ಕಷ್ಟಪಟ್ಟು ದಾಟಿದ, ಎರಡನೆಯ ಸಾಲಿನ ಬಾಗಿಲಲ್ಲಿ ಮತ್ತೆ ನಿಂತ. ನಕಲು ಮಾಡುವವನ ಕಿವಿಗೆ ಆಗ ಒಂದು ಸ್ಪಷ್ಟವಾಯಿತು. ಅವನು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ, ಸಾಲಿನ ಮೊದಲಕ್ಷರದಲ್ಲಿ ನಿಲ್ಲುತ್ತಾನೆ. ಅಲ್ಲೊಂದು ಚಿಲಕವಿದೆ. ಅದು ತೆರೆದರೆ ಒಳಗೆಲ್ಲ ಓಡಾಡುತ್ತಾನೆ. ನನ್ನ ಪ್ರಾಸ ಇದ್ದದ್ದು ಸಾಲಿನ ಕೊನೆಯಲ್ಲಿ, ಬಾಗಿಲಲ್ಲಿ ನಿಂತವನಿಗೆ ಹಿತ್ತಲಿನ ದೀಪದಿಂದ ಏನು ಪ್ರಯೋಜನ?

ಇದರ ನಡುವೆ ಮದುವೆಯ ಸೀರೆ ತರಲು ನಾವಿಬ್ಬರೂ ಗಜೇಂದ್ರಗಡಕ್ಕೆ ಹೋದೆವು. ನಮ್ಮ ಅಂಗಡಿಗೆ ಸೀರೆ ನೇಯ್ದು ಕೊಡುವವರ ಮನೆ ಅಲ್ಲಿತ್ತು. ಮಗ್ಗದ ಸಪ್ಪಳ ಎಷ್ಟೆಂದರೆ ಹೇಳುವುದನ್ನು ಕೂಗಿಯೇ ಹೇಳಬೇಕು. ಅಣ್ಣ ಕೂಗಿದ. "ದಡಿ ಕೆಂಪ ಇರಲಿ, ಒಡಲ ಹಸರ ಇರಲಿ, ಸೆರಗಿಗೆ ಬಿಳಿ ಗೆರಿ ಇರಲಿ!"

ಲಾಳಿ ಆಚೆ ಹೋಯಿತು, ಈಚೆ ಬಂತು, ಅಣ್ಣನ ಮಾತು ಅದರ ಜೊತೆ ಹೋಗಿ ಬಂತು. ಒಂದು ಕಡೆಯೂ ಚಿಲಕವಿಲ್ಲ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

"ಇನ್ನೊಮ್ಮೆ ಹೇಳೋ" ಎಂದೆ.

ಅವನು ಬಾಯಿ ತೆರೆದ. ನೇಕಾರರು ಪಾಪ, ಮದುಮಗ ಏನೋ ಹೇಳುತ್ತಿದ್ದಾನೆಂದು ಮರ್ಯಾದೆಯಿಂದ ಮಗ್ಗ ನಿಲ್ಲಿಸಿದರು. ಅಣ್ಣನೂ ನಿಂತ.

"ನಿಲ್ಲಸಬ್ಯಾಡ್ರಿ, ನೇಯ್ರಿ, ನೇಯ್ರಿ!" ಎಂದೆ.

"ಇದ ಸೀರಿ ಮುಗದೈತ್ರಿ ಯಪ್ಪಾ."

"ಹಂಗಾರ ಬರೇ ಸಪ್ಪಳಾ ಮಾಡ್ರಿ!"

ಅವರು ನಮ್ಮಿಬ್ಬರನ್ನೂ ಬಿಸಿಲು ಹತ್ತಿದವರನ್ನು ನೋಡುವಂತೆ ನೋಡಿ, ನೀರು ತರಿಸಿ ಕೊಟ್ಟರು.

ಮೋಟಾರಿಗೆ ಕಾಯುತ್ತ ಸೀರೆಯ ಗಂಟಿನ ಮೇಲೆ ಕೂತಾಗ ಅಣ್ಣ ಅಂದ, "ಮಗ್ಗಾ ಹೊತಗೊಂಡು ನರಗುಂದಕ್ಕ ಹೋಗೂಣೇನು?"

"ಹೋಗೂಣು. ಅಳಿಯಾಗ ಗಡಿಯಾರ ಕೊಡೂ ಬೀಗರನ್ನ ನೋಡೇನಿ. ಮಗ್ಗಾ ತಗೊಂಡ ಬರೂ ಅಳಿಯನ್ನ ಅವರೂ ನೋಡಲಿ."

ಅಣ್ಣ ನಕ್ಕ. ಆದರೆ ನಮಗೆ ಬೇಕಾದದ್ದು ಇಬ್ಬರಿಗೂ ತಿಳಿದಿತ್ತು. ಮಗ್ಗದ ಏಟು ಹೊರಗೆ ಇರಬಾರದು, ಸಾಲಿನ ಒಳಗೇ ಇರಬೇಕು.

ಹಾಗಾಗಿ ನಾನು ಕನ್ನಡ ಮಾಸ್ತರರ ಮನೆಗೆ ಹೋದೆ. ಅವರು ನನಗೆ ಸಾಲೆಯಲ್ಲಿ ಕಲಿಸಿದವರು, ಅಥವಾ ಕಲಿಸಲು ನೋಡಿದವರು. ಪಾಠ ನಡೆಯುವಾಗ ನಾನು ಪದ್ಯ ಕೇಳಲಿಲ್ಲ, ಮಾಸ್ತರರನ್ನು ಕೇಳಿದೆ. ರಾಗ, ಕೆಮ್ಮು, ಟೊಪ್ಪಿಗೆ ಸರಿಮಾಡಿಕೊಳ್ಳುವುದು, ನಶ್ಯ ಏರಿಸುವುದು, ಎಲ್ಲವೂ ಬಂತು. ಅರ್ಥ ಒಂದು ಬರಲಿಲ್ಲ.

"ಮಾಸ್ತರ, ಪ್ರಾಸ ಅಂದ್ರ ಏನ್ರಿ?" ಎಂದು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಷ್ಟ ವರ್ಷ ಬಡಕೊಂಡೆ, ಆವಾಗ ಕೇಳಲಿಲ್ಲ. ಈಗ ಯಾಕ? ನನ್ನ ನಕಲ ಮಾಡ್ತಿಯಂತಲ್ಲ ಬಜಾರದಾಗ. ಮೊದಲ ಅದನ್ನ ತೋರ್ಸು."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಷಟ್ಪದಿ ಓದುವ ಅವರ ಧಾಟಿಯನ್ನೇ ಮಾಡಿದೆ. ಪದಗಳು ನೆನಪಿರಲಿಲ್ಲ, "ತನನ ತಾನನ" ಎಂದು ತುಂಬಿದೆ. ಎರಡು ಸಣ್ಣ ಸಾಲು, ಒಂದು ಉದ್ದ ಸಾಲು, ಆಮೇಲೆ ಚಿಟಿಕೆ ನಶ್ಯ. ಮತ್ತೆ ಎರಡು ಸಣ್ಣ, ಒಂದು ಉದ್ದ, ಮತ್ತೆ ನಶ್ಯ. ಮಾಸ್ತರರ ಹೆಂಡತಿ ಒಳಗಿನಿಂದ ಬಂದು ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದರು.

ಮಾಸ್ತರರು ಸಿಟ್ಟಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕರು. "ಲೇ ಮಂಗ್ಯಾ, ನೀ ಷಟ್ಪದಿ ಕಲತ ಬಿಟ್ಟೀಯಲ್ಲೋ! ಮೂರನೇ ಸಾಲ ಆದಮ್ಯಾಲ ತಪಕೀರ ಯಾಕ ಏರಿಸಿದಿ?"

"ನೀವು ಏರಸ್ತೀರಲ್ರಿ."

"ನಾ ಯಾಕ ಏರಸ್ತೀನಿ?"

"ಚಟಾ ಅಂತ ಮಾಡಿದ್ದೆ."

"ಚಟಾ ಐತಿ, ಇಲ್ಲನ್ನಂಗಿಲ್ಲ. ಆದರ ಚಟಕ್ಕೂ ಒಂದು ಜಾಗಾ ಬೇಕಲ್ಲ! ಆರ ಸಾಲಿನ ಪದ್ಯ ಅಂದ್ರ ಎರಡ ಅಂಕಣದ ಮನಿ. ಒಂದು, ಎರಡು ಸಣ್ಣ ಕೋಣಿ. ಮೂರನೇದು ಪಡಸಾಲಿ, ಉದ್ದ. ಪಡಸಾಲಿಗೆ ಬಂದಾವ ಕೂಡಬೇಕು, ಉಸರ ಬಿಡಬೇಕು. ಮತ್ತ ನಾಕು, ಐದು ಸಣ್ಣ ಕೋಣಿ, ಆರನೇದು ಪಡಸಾಲಿ. ಅಲ್ಲಿ ನಿಲ್ಲೂದಕ್ಕ ಯಾರೂ ಅಡ್ಡಿ ಮಾಡಂಗಿಲ್ಲ. ಅದನ್ನ ಕಟ್ಟಿದ್ದ ನಿಲ್ಲೂ ಸಲುವಾಗಿ."

"ಮತ್ತ ಪ್ರಾಸ?"

"ಪ್ರಾಸ ಬಾಗಲಾ. ಎಲ್ಲಾ ಸಾಲಿನ ಎರಡನೇ ಅಕ್ಷರ ಒಂದ. ಮೊದಲನೇದು ಯಾವದರ ಇರಲಿ, ಎರಡನೇದು ಬಂದಕೂಡ್ಲೆ ಕಿವಿ ಗುರತ ಹಿಡೀತೈತಿ, ಇವೆಲ್ಲಾ ಒಂದ ಮನಿ ಮಂದಿ ಅಂತ. ಹಳಬರು ಸಾಲಿನ ತಲಿ ಬಾಚತಿದ್ರು. ನೀವು ಈಗಿನವರು ಬಾಲಾ ಅಷ್ಟ ಬಾಚ್ತೀರಿ."

ನಾನು ಮೆಟ್ಟಿಲ ಮೇಲೆ ಹಾಗೆಯೇ ಕೂತುಬಿಟ್ಟೆ. ಮೊದಲನೆಯ ಅಕ್ಷರದಲ್ಲಿ ನಿಲ್ಲುವ ಅಣ್ಣನಿಗೆ, ಎರಡನೆಯದು ಯಾವುದೆಂದು ಮೊದಲೇ ಗೊತ್ತಿದ್ದರೆ? ಕತ್ತಲ ಕೋಣೆಗೆ ಹೋಗುವವನಿಗೆ ಗೂಟ ಎಲ್ಲಿದೆ ಎಂದು ತಿಳಿದ ಹಾಗಲ್ಲವೆ? ಕೈ ತಾನಾಗಿ ಹೋಗುತ್ತದೆ. ಇಷ್ಟು ವರ್ಷ ಪರೀಕ್ಷೆಯವರು ನನ್ನನ್ನು ಕಾಡಲು ಮಾಡಿಟ್ಟದ್ದು ಅಂತ ತಿಳಿದಿದ್ದ ಪ್ರಾಸ, ಮನುಷ್ಯನ ನಾಲಿಗೆಗೆ ಬಡಿದ ಗೂಟವಾಗಿತ್ತು.

ಅಂಗಡಿಗೆ ಓಡಿಹೋಗಿ ಇಡೀ ಪಾಠವನ್ನು ಅಣ್ಣನಿಗೆ ಮಾಸ್ತರರ ದನಿಯಲ್ಲಿಯೇ ಒಪ್ಪಿಸಿದೆ, ನಶ್ಯಸಮೇತ. ಇಬ್ಬರೂ ಕೂತು ಕಟ್ಟಿದೆವು. ಒಡಪು ಸಾಮಾನ್ಯವಾಗಿ ಎರಡೇ ಸಾಲು. ನಾವು ನಾಲ್ಕು ಮಾಡಿದೆವು. ಏರು ಹತ್ತುವ ಬಂಡಿಗೆ ಸ್ವಲ್ಪ ಹಿಂದಿನಿಂದಲೇ ಓಟ ಬೇಕು, ಹೆಸರೇ ಆ ಏರು.

ಕರಿಯ ಎರಿಯೊಳಗ ಬಿಳಿಜ್ವಾಳದ ಹೊಲಾ,
ದೊರಿಯ ಗುಡ್ಡದ ಮ್ಯಾಲ ಹಾರೂ ಗಿಳಿ ಸಾಲಾ,
ಅರಿಶಿಣ ಹಚ್ಚಿದ ಕೈಲೆ ಕೊಟ್ಟಾಳ ಹಾಲಾ,
ಸರದಾರ ನಾನಲ್ಲ, ನನ್ನ ಸರದಾರ್ತಿ ———ಲಾ.

ಕರಿ, ದೊರಿ, ಅರಿ, ಸರ. ನಾಲ್ಕೂ ಬಾಗಿಲಲ್ಲಿ ಒಂದೇ "ರ" ಕಾಯುತ್ತಿತ್ತು. ನಾನೇನೋ ಬಾಲವನ್ನೂ ಬಾಚಿದ್ದೆ, ಕೊನೆಗೆಲ್ಲ "ಲಾ". ಅಣ್ಣ ಸೀರೆ ಮಡಚುತ್ತ ಹೇಳಿದ. ಒಂದು ಮಡಿಕೆಗೆ ಒಂದು ಸಾಲು. ಮೊದಲ ದಿನ ಎರಡು ಕಡೆ ನಿಂತ. ಆಮೇಲೆ ಒಂದು ಕಡೆ. ಆಮೇಲೆ ಗಿರಾಕಿ ಇಲ್ಲದಾಗೆಲ್ಲ ಹೇಳತೊಡಗಿದ, ಗಿರಾಕಿ ಇದ್ದಾಗ ತುಟಿಯಲ್ಲೇ ಹೇಳಿಕೊಂಡ. ಮನೆಯಲ್ಲಿ ಮಾತ್ರ ಉಸಿರೆತ್ತಲಿಲ್ಲ. ಆಯಿಗೆ ಗೊತ್ತಾದರೆ ಬೀದಿಗೆ ಗೊತ್ತಾದಂತೆ.

ಗುಟ್ಟು ಇಟ್ಟದ್ದೇ ನಮ್ಮ ಮೇಲೆ ಬಂತು.

ಮದುವೆ ನರಗುಂದದಲ್ಲಿ ಚೆನ್ನಾಗಿ ನಡೆಯಿತು. ಅಕ್ಷತೆ ಬಿತ್ತು. ಪಂಕ್ತಿ ಹಾಕುವ ಮೊದಲು ಆಯಿ ಒಂದು ತಾಟಿನಲ್ಲಿ ಅಕ್ಕಿ ಹರವಿಕೊಂಡು ಬಂದಳು. ಅಣ್ಣನ ಕೈ ಹಿಡಿದು, ಉಂಗುರದಿಂದ ಅಕ್ಕಿಯಲ್ಲಿ ಏನೋ ಬರೆಸತೊಡಗಿದಳು. ನಾನು ಮೂಗು ತೂರಿಸಿದೆ, ಅದಕ್ಕೆ ನನಗೆ ದೇವರು ಕೊಟ್ಟ ಅನುಕೂಲವಿದೆ. ಅಕ್ಕಿಯಲ್ಲಿ ಒಂದು ಹೆಸರು ಮೂಡಿತ್ತು. ಕೊನೆಯ ಅಕ್ಷರ "ಲಾ" ಅಲ್ಲ. "ತಿ".

"ಆಯಿ, ಇದು ಯಾರ ಹೆಸರ?"

"ಯಾರದಂದ್ರ? ನಿಮ್ಮ ವೈನಿದು. ನಮ್ಮ ಮನಿಗೆ ಬಂದ ಸೊಸಿಗೆ ನಮ್ಮ ಮನಿ ಹೆಸರ."

"ಮೊದಲ ಯಾಕ ಹೇಳಲಿಲ್ಲ?"

"ಹೇಳೂದೇನೈತಿ ಅದರಾಗ? ನನ್ನ ಹೆಸರ ಬದಲಿ ಮಾಡಿದ್ರು, ನಿಮ್ಮವ್ವಂದ ನಾ ಮಾಡಿದೆ. ನಿಮ್ಮವ್ವಗ ಹುಟ್ಟಿದಾಗಿಂದ ಇದ ಹೆಸರ ಇತ್ತಂತ ತಿಳದಿದ್ದೇನು?"

"ಹುಟ್ಟಿದಾಗಿಂದ ಆಕಿ ಹೆಸರು ಅವ್ವ ಅಂತ ತಿಳದಿದ್ದೆ" ಎಂದೆ. ನಿಜವಾಗಿಯೂ ಹಾಗೆಯೇ ತಿಳಿದಿದ್ದೆ. ನಮ್ಮ ಮನೆಗೆ ಕೊನೆಯ ಸೊಸೆಯಾಗಿ ಚಿಕ್ಕಮ್ಮ ಬಂದಾಗ ನಾನು ತೊಟ್ಟಿಲಲ್ಲಿದ್ದೆ. ಹೆಂಗಸರಿಗೆಲ್ಲ ಗೊತ್ತಿದ್ದ ಪದ್ಧತಿ, ಅವರು ಯಾರೂ ಹೇಳಬೇಕೆಂದುಕೊಳ್ಳಲಿಲ್ಲ. ಗಂಡಸರು ಮರೆತಿದ್ದರು. ತವರಿನ ಹೆಸರಿಗೆ ಪ್ರಾಸ ಹೆಣೆದುಕೊಂಡು ಬಂದ ಶೂರರು ನಾವಿಬ್ಬರೇ.

ಹೊಲಾ, ಸಾಲಾ, ಹಾಲಾ, ಎಲ್ಲ ಹೋಯಿತು. ಎಲೆ ಹಾಕುತ್ತಿದ್ದರು. ನಾನು ಅಣ್ಣನ ಕಿವಿಗೆ ಬಾಯಿ ಹಚ್ಚಿದೆ. "ಅಣ್ಣಾ, ನಾ ಬೆನ್ನ ಹಿಂದ ಕೂಡ್ತೀನಿ. ನಿನ್ನ ದನಿ ತಯಾರ ಐತಿ. ಸುಮ್ಮನ ಬಾಯಿ ಅಲ್ಲಾಡ್ಸು."

ಅಣ್ಣ ಕಣ್ಣು ಅರ್ಧ ಮುಚ್ಚಿ, ಶಲ್ಯದ ಅಂಚನ್ನು ಬೆರಳಲ್ಲಿ ಮಡಚುತ್ತಿದ್ದ. ಒಂದು ಮಡಿಕೆ, ಎರಡು ಮಡಿಕೆ.

"ಬಾಗಲಾ ಹಂಗ ಐತಿ" ಎಂದ ಮೆಲ್ಲಗೆ. "ಹಿತ್ತಲಾ ಅಷ್ಟ ಬದಲಿ."

ನನಗೆ ಅರ್ಥವಾಗಲಿಲ್ಲ. ಪಂಕ್ತಿ ಕೂತಿತು. ನಾನು ಹಟ ಹಿಡಿದು ಅವನ ಬೆನ್ನ ಹಿಂದೆಯೇ, ಗೋಡೆಗೆ ಆತು ಕೂತೆ. ಮೊದಲು ಅತ್ತಿಗೆ ಹೇಳಿದಳು, ಎರಡೇ ಸಾಲು, ತಲೆ ತಗ್ಗಿಸಿ, ಅಣ್ಣನ ಹೆಸರನ್ನು ಬಿಸಿ ಪಾತ್ರೆ ಇಳಿಸಿದಷ್ಟು ಬೇಗ ಇಳಿಸಿದಳು. ಜನ ಹೋ ಎಂದರು. ಅವಳ ತಂಗಿ ಸೌಟು ಹಿಡಿದು ಅಣ್ಣನ ಎದುರಿಗೆ ಬಂದು ನಿಂತಳು.

"ಮಾವಾರ, ಇನ್ನ ನಿಮ್ಮ ಪಾಳಿ. ಹೇಳಲಿಲ್ಲಂದ್ರ ಈ ಸೌಟ ಒಳಗ ಹೋಗತೈತಿ, ಲಾಡೂ ಒಳಗ ಹೋಗತಾವು."

ಪಂಕ್ತಿಯ ಆ ತುದಿಯಲ್ಲಿ ಕೊಣ್ಣೂರಿನ ಕಡೆಯ ಹಿರಿಯರೊಬ್ಬರು, "ರೋಣದವರಿಗೆ ಬಾಯಿ ಉಣ್ಣಾಕ ಅಷ್ಟ ಏನ್ರಿ?" ಎಂದರು. ನಗೆ ಎದ್ದಿತು. ಅಣ್ಣ ಬೆರಳಿನಿಂದ ಶಲ್ಯದ ಅಂಚು ಮಡಚಿ, ಶುರು ಮಾಡಿದ.

"ಕರಿಯ ಎರಿಯೊಳಗ ಬೆಳ್ಳಗ ನಕ್ಕೈತಿ ಹತ್ತಿ."

ನಾನು ತಲೆಯೆತ್ತಿದೆ. ಜೋಳದ ಹೊಲದಲ್ಲಿ ಹತ್ತಿ ಯಾವಾಗ ಬಂತು?

"ದೊರಿಯ ಗುಡ್ಡದ ಮ್ಯಾಲ ಹೊತ್ತಿನ ಆರತಿ."

ಗಿಳಿಗಳೂ ಹಾರಿಹೋಗಿದ್ದವು. ತಲೆ ಅದೇ, ಬಾಲ ಬೇರೆ. ಆಗ ಹೊಳೆಯಿತು ನನಗೆ. ಅವನ ನಾಲಿಗೆ ಹಿಡಿದುಕೊಂಡಿದ್ದ ಗೂಟಗಳು ಒಂದೂ ಕಿತ್ತಿರಲಿಲ್ಲ. ಕರಿ, ದೊರಿ, ಅರಿ, ಸರ, ಎಲ್ಲ ಅವವೇ ಜಾಗದಲ್ಲಿದ್ದವು. ಬದಲಾಗಬೇಕಾದದ್ದು ಕೊನೆ, ಕೊನೆಯಲ್ಲಿ ಅವನಿಗೆ ಎಂದೂ ಕಷ್ಟವೇ ಇರಲಿಲ್ಲ. ನಾನು ಮನೆಯೇ ಬಿತ್ತೆಂದು ಅಳುತ್ತಿದ್ದಾಗ ಅವನು ಹಿತ್ತಲ ಬೇಲಿ ಬದಲಿಸಿ ಮುಗಿಸಿದ್ದ.

"ಅರಿಶಿಣ ಹಚ್ಚಿದ ಕೈಲೆ ಮುಟ್ಟಸ್ಯಾಳ ಬತ್ತಿ.
ಸರದಾರ ನಾನಲ್ಲ, ನನ್ನ ಸರದಾರ್ತಿ..."

ನಿಂತ.

ಹೊಸ ಹೆಸರಿನ ಮೊದಲಕ್ಷರ. ಅದಕ್ಕೆ ಗೂಟವಿರಲಿಲ್ಲ, ಅಕ್ಕಿಯ ಮೇಲೆ ಈಗಷ್ಟೇ ಕಂಡದ್ದು. ಚಿಲಕ ಬಿತ್ತು. ಹಿಂದಿನಿಂದ ಅವನ ಕುತ್ತಿಗೆಯ ನರ ಬಿಗಿಯುವುದು ನನಗೆ ಕಾಣುತ್ತಿತ್ತು. ನನ್ನ ಗಂಟಲಲ್ಲಿ ಅಣ್ಣನ ದನಿ ತುಂಬಿ ನಿಂತಿತ್ತು, ತುಟಿ ತೆರೆದರೆ ಸಾಕು. ಅವ್ವ ಆಗಲೇ ಬಾಯಿ ತೆರೆಯುವುದರಲ್ಲಿದ್ದಳು. ಆಯಿ ಅಕ್ಕಿಯ ತಾಟನ್ನು ಎಲ್ಲರಿಗೂ ತೋರಿಸಿ ಬಂದಿದ್ದಳು, ಹಂದರದಲ್ಲಿ ಆ ಹೆಸರು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹತ್ತಿ, ಆರತಿ, ಬತ್ತಿ, ಸರದಾರ್ತಿ ಎಲ್ಲ ಬಂದು ಸಾಲಾಗಿ ನಿಂತಿದ್ದವು, ಇನ್ನು ಬರಬೇಕಾದದ್ದು ಒಂದೇ. ಪುಟ್ಟ ಮಕ್ಕಳ ಬಾಯಿ ಕೂಡ ಆ ಅಕ್ಷರದ ಆಕಾರಕ್ಕೆ ಬಂದಿತ್ತು.

ಸೌಟಿನ ಹುಡುಗಿ ಸೌಟು ಮೇಲೆತ್ತಿ ಎಲ್ಲರನ್ನೂ ತಡೆದಳು. ಅತ್ತಿಗೆ ಲಾಡು ಹಿಡಿದ ಕೈಯನ್ನು ಹಾಗೆಯೇ ಹಿಡಿದಿದ್ದಳು. ಅಂದು ತಾಟು ಹಿಡಿದುಕೊಂಡು ನಿಂತಿದ್ದಳಲ್ಲ, ಅದೇ ಕೈ. ಅತ್ತ ಇತ್ತ ನೋಡಲಿಲ್ಲ.

ನನ್ನ ಬಾಯಿಯ ಮೇಲೆ ನನಗೆ ಭರವಸೆ ಇರಲಿಲ್ಲ. ಪಕ್ಕದವರ ಎಲೆಯಿಂದ ಒಂದು ಲಾಡು ಎತ್ತಿ, ಇಡಿಯದನ್ನೇ ಬಾಯಿಗೆ ತುರುಕಿಕೊಂಡೆ.

ಹೆಸರು ಬಂತು. ಹಗೇವಿನ ತಳದಿಂದ, ತುಂಬಿಕೊಂಡು, ಮೊದಲಕ್ಷರದಿಂದ "ತಿ" ತನಕ ಅಖಂಡವಾಗಿ ಬಂತು.

ಹಂದರ ಎದ್ದು ಹಾರಿತೆನ್ನಬೇಕು. ಕೊಣ್ಣೂರಿನ ಹಿರಿಯರು ತೊಡೆ ತಟ್ಟಿಕೊಂಡರು. "ಏನ್ ನಿಲ್ಲಿಸಿದನ್ರೀ ಹೆಸರಿನ ಮುಂದ! ನನ್ನ ಜೀವಾ ಬಾಯಿಗೆ ಬಂದಿತ್ತು. ಹಂಗ ನಿಲ್ಲಸಾಕ ಗುರು ಬೇಕ್ರಿ, ಗುರು!"

ಯಾರಿಗೂ ಅದು ತಡೆದ ಮಾತು ಎನಿಸಿರಲಿಲ್ಲ. ಪ್ರಾಸ ಹೆಸರನ್ನು ಮೊದಲೇ ಕರೆದು ಬಾಗಿಲಲ್ಲಿ ನಿಲ್ಲಿಸಿತ್ತು, ಅಣ್ಣ ತಡ ಮಾಡಿ ತೆರೆದ, ಅಷ್ಟೇ. ಎಲ್ಲರೂ ಕಾಯ್ದರು, ಕಾಯ್ದದ್ದಕ್ಕೇ ರುಚಿ ಹೆಚ್ಚಾಯಿತು.

"ಮಾವಾರ, ಇನ್ನೊಮ್ಮೆ!" ಎಂದಳು ಸೌಟಿನವಳು.

"ಇ... ಇನ್ನೊಮ್ಮೆ ಹೇಳಂಗಿಲ್ಲ" ಎಂದ ಅಣ್ಣ, ನಾಚಿಕೆಯಿಲ್ಲದೆ ನಗುತ್ತ ಲಾಡು ತಿಂದ. ಆಮೇಲೆ ನನ್ನ ಕಡೆ ತಿರುಗಿ, "ಹ್ಯಾಂಗಾತೋ?" ಎಂದು ಕೇಳಿದ. ರೋಣದ ಎಲ್ಲ ದನಿಗಳೂ ಬರುವ ನನ್ನ ಬಾಯಿಯಿಂದ ಆಗ ಒಂದೂ ಹೊರಡಲಿಲ್ಲ, ಲಾಡು ಅಂಗುಳಕ್ಕೆ ಅಂಟಿತ್ತು. "ಊಂ" ಎಂದೆ. ಆಯಿ ನೀರಿನ ತಂಬಿಗೆ ಚಾಚುತ್ತ, "ನಾ ಇಟ್ಟ ಹೆಸರ ಇದ್ದದ್ದಕ್ಕ ಒಡಪ ಇಷ್ಟ ಚಂದ ಕೂಡತು" ಎಂದು ಎಲ್ಲ ಕೀರ್ತಿಯನ್ನೂ ತಾನೇ ತೆಗೆದುಕೊಂಡಳು.

ಅಣ್ಣನ ಮಾತು ಈಗಲೂ ತಡೆಯುತ್ತದೆ. ಬದಲಾದದ್ದು ನಾವು. ಅತ್ತಿಗೆ ಬಂದ ಮೇಲೆ ಮನೆಯಲ್ಲಿ ಅವನ ಮಾತನ್ನು ಯಾರೂ ಪೂರ್ತಿ ಮಾಡಿಕೊಡುವಂತಿಲ್ಲ. ಅಪ್ಪ ಮರೆತು ಬಾಯಿ ಹಾಕಿದರೆ ಅವಳು ಮೆತ್ತಗೆ, "ಮಾವಾರ, ಪಡಸಾಲಿ ಬಂದೈತ್ರಿ, ಕೂಡ್ರಿ" ಎನ್ನುತ್ತಾಳೆ. ಮಾಸ್ತರರ ಪಾಠ ಅವಳ ತನಕ ಹೋದದ್ದು ನನ್ನ ನಕಲಿನಿಂದಲೇ ಎನ್ನುವುದು ನನ್ನ ಜಂಬ.

ಊರಿಗೆ ಬಂದ ಮರುದಿನ ಮಾಸ್ತರರಿಗೆ ಲಾಡು ಕೊಡಲು ಹೋದೆ. ಅವರಿಗೆ ಸುದ್ದಿ ಮುಟ್ಟಿತ್ತು.

"ಹೆಸರಿನ ಮುಂದ ನಿಂತನಂತ?"

"ನಿಂತನ್ರಿ."

"ಎಷ್ಟ ಹೊತ್ತು?"

ನಾನು ಲೆಕ್ಕ ಹಾಕಿ ನೋಡಿದೆ. "ಒಂದ ಚಿಟಿಕಿ ತಪಕೀರ ಏರಸೂವಷ್ಟು."

"ಹಂಗಾರ ಸರಿಯಾದ ಜಾಗಾದಾಗ ನಿಂತಾನ" ಎಂದು ಮಾಸ್ತರರು ಲಾಡನ್ನು ಬದಿಗಿಟ್ಟು, ಡಬ್ಬಿ ತೆರೆದು ನನ್ನ ಮುಂದೆ ಹಿಡಿದರು. "ತಗೋ, ಇಷ್ಟ ದಿನಾ ಬರೇ ಬೆರಳ ಏರಸ್ತಿದ್ದಿ. ಖರೇದ ಏರ್ಸು."

ಇಷ್ಟು ದೊಡ್ಡ ಮೂಗಿಗೆ ಒಂದು ಚಿಟಿಕೆ ಏನು ಮಹಾ ಎಂದುಕೊಂಡೆ. ಅವರದೇ ಠೀವಿಯಲ್ಲಿ ತಲೆ ಹಿಂದಕ್ಕೆ ಹಾಕಿ ಏರಿಸಿದೆ. ಆಮೇಲೆ ಬಂದ ಸೀನು ಯಾರದೂ ನಕಲಾಗಿರಲಿಲ್ಲ, ಪೂರಾ ನನ್ನದೇ. ಬಾಗಿಲ ಸಂದಿಯಿಂದ ಮಾಸ್ತರರ ಹೆಂಡತಿ, "ಇನ್ನೊಂದ ಬರತೈತಿ, ತಡೀರಿ" ಎಂದರು. ಮೂವರೂ ಕಾಯ್ದೆವು. ಬಂತು.